ಕಿಡ್ನಿ ಕಲ್ಲಿನ ಬೆನ್ನು ಕೊಯ್ದದ್ದು

ಫೋರ್‌ಮನ್ ಅಕ್ಕಿಚೀಲವನ್ನು ನಮ್ಮ ಪಡಸಾಲೆಯಲ್ಲಿ ಇಳಿಸಿದರು. ಅವರು ಅದರ ಬಾಯಿ ಬಿಚ್ಚುವಷ್ಟರಲ್ಲಿ ನಾನು ಚೀಲವನ್ನು ಪಕ್ಕಕ್ಕೆ ಉರುಳಿಸಿ ತಳ ಮುಟ್ಟಿ ನೋಡಿದ್ದೆ. ಇದು ಹಳೆಯ ಚಟ. ಸಂಡೂರಿನ ಗುಡ್ಡದ ಮೈನ್ಸಿನಲ್ಲಿ ನಾನು ಸ್ಯಾಂಪಲ್ ರೂಮಿನವಳು, ಅವರು ಲೋಡಿಂಗ್ ಫೋರ್‌ಮನ್. ಲಾರಿಯ ಮೇಲ್ಗಡೆ ಥಳಥಳಿಸುವ ಅದಿರು ಹರಡಿ ಕೆಳಗೆ ಮಣ್ಣು ಮುಚ್ಚುವ ಕಲೆ ಅವರ ಕಡೆಯವರಿಗೆ ಕರತಲಾಮಲಕವಾಗಿತ್ತು. ಲಾರಿ ಹತ್ತಿ ತಳದಿಂದಲೇ ಸ್ಯಾಂಪಲ್ ಎತ್ತುವ ಹಟ ನನ್ನದು. ಹೊರಗಿನ ಧೂಳು ಬಿದ್ದರೆ ಸ್ಯಾಂಪಲ್ ಕೆಡುತ್ತದೆಂದು ಆಯುಧ ಪೂಜೆಯ ಕುಂಕುಮದ ತಟ್ಟೆಯನ್ನೂ ನಾನು ನನ್ನ ರೂಮಿನೊಳಕ್ಕೆ ಬಿಟ್ಟವಳಲ್ಲ. ಗುಡ್ಡದ ತುಂಬ ನನಗೆ ಸ್ಯಾಂಪಲಮ್ಮ ಎಂದೇ ಹೆಸರು. ಬೆನ್ನ ಹಿಂದೆ ಅನುಮಾನದಮ್ಮ ಎಂದೂ ಅನ್ನುತ್ತಿದ್ದರು, ನನಗೆ ಗೊತ್ತಿಲ್ಲದೇನಲ್ಲ.

"ಏನಮ್ಮಾ ಸ್ಯಾಂಪಲಮ್ಮಾ, ಇನ್ನಾ ಬಿಟ್ಟಿಲ್ಲೇನು ಆ ಬುದ್ಧಿ?" ಅಂದರು ಫೋರ್‌ಮನ್. "ಒಳಗಿರೋದು ಒಂದ ಕಲ್ಲು. ಅದಕ್ಕ ಮ್ಯಾಲಿನ ಮಾಲು ಕೆಳಗಿನ ಮಾಲು ಎಲ್ಲಿಂದ ತರ್ಲಿ ನಾನು?"

ಚೀಲದಿಂದ ಹೊರಬಂದ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಮುಂದಿನ ಮುಖದ ತುಂಬ ನೆಲ್ಲಿಕಾಯಿ ಗಾತ್ರದ, ದುಂಡಗೆ ಉಬ್ಬಿದ ಕಪ್ಪು ಗುಬ್ಬೆಗಳು, ಒಂದಕ್ಕೊಂದು ಒತ್ತಿಕೊಂಡು, ಈಗಷ್ಟೇ ಎಣ್ಣೆ ಸವರಿದಂತೆ ಮಿರುಗುತ್ತಿದ್ದವು. ಭೂವಿಜ್ಞಾನದವರು ಇದನ್ನು ಕಿಡ್ನಿ ಓರ್ ಅನ್ನುತ್ತಾರೆ, ಗುಡ್ಡದಲ್ಲಿ ನಾವು ಕಿಡ್ನಿ ಕಲ್ಲು ಅನ್ನುತ್ತಿದ್ದೆವು. ಇಷ್ಟು ದೊಡ್ಡದನ್ನು, ಇಷ್ಟು ಚೆಂದದ್ದನ್ನು ನಾನು ಕಂಡಿರಲಿಲ್ಲ. ಬೆನ್ನಿಗೆ ಮಾತ್ರ ಕಂದು ಬಣ್ಣದ ಒರಟು ಕಲ್ಲು ಗೂನಿನ ಹಾಗೆ ಅಂಟಿಕೊಂಡಿತ್ತು.

ಆ ಗೂನೇ ತೊಂದರೆ. ಮೈನ್ಸ್ ಮುಚ್ಚಿದಾಗ ಮ್ಯಾನೇಜರು ಈ ಕಲ್ಲನ್ನು ವರ್ಕ್‌ಶಾಪಿನವರ ಕೈಗೆ ಕೊಟ್ಟು ಹೋಗಿದ್ದರು. ಫೋರ್‌ಮನ್ ಅದನ್ನು ಕಂಪ್ಲಿಯ ತಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದರು. ಈಗ ಹೊಸಪೇಟೆಯ ಕಾಲೇಜೊಂದರ ಭೂವಿಜ್ಞಾನದ ಮೇಡಂ ತಮ್ಮ ಗಾಜಿನ ಕಪಾಟಿನಲ್ಲಿ ಅದಕ್ಕೊಂದು ಜಾಗ ಕೊಟ್ಟು, ಕೆಳಗೆ ಮೈನ್ಸಿನ ಕೆಲಸಗಾರರ ಕೊಡುಗೆ ಎಂದು ಬರೆಸುವುದಾಗಿ ಹೇಳಿದ್ದರು. ಆದರೆ ಗೂನಿನಿಂದಾಗಿ ಗಾಜಿನ ಬಾಗಿಲು ಮುಚ್ಚುತ್ತಿರಲಿಲ್ಲ. ಅದೇ ಮೇಡಂಗೆ ನಾನು ಪ್ರಾಕ್ಟಿಕಲ್ ತರಗತಿಗೆ ಬೇಕಾದ ಸಣ್ಣಪುಟ್ಟ ಕಲ್ಲುಗಳ ಅಂಚು ಸರಿಮಾಡಿ ಕೊಡುತ್ತಿದ್ದೆನಾದ್ದರಿಂದ, ಬೆನ್ನು ಕೊಯ್ಯುವ ಕೆಲಸ ಚಿತ್ತವಾಡ್ಗಿಯ ನಮ್ಮ ಮನೆಗೆ ಬಂತು.

"ಗುಂಡ್ಯಾಗ ನೀರು ತುಂಬೈತಿ. ಅಲ್ಲಿ ಇನ್ನ ಏನೂ ಸಿಗಂಗಿಲ್ಲ. ನಾವೆಲ್ಲಾ ಅಲ್ಲಿ ದುಡದ್ವಿ ಅನ್ನಾಕ ಉಳಿದಿರೋದು ಇದೊಂದ," ಅಂದು ಫೋರ್‌ಮನ್ ಚಹಾ ಕುಡಿದು ಬಸ್ಸಿಗೆ ಹೋದರು. ಹೋಗುವಾಗ ಕಲ್ಲಿನ ತಲೆ ಸವರಿದರು. ಅದು ಯಾಕೋ ನನಗೆ ಅತಿಯಾಯಿತೆನಿಸಿತು. ಲಾರಿ ತುಂಬಿಸುವಾಗ ಕಲ್ಲನ್ನು ಒದ್ದು ಸರಿಸುತ್ತಿದ್ದ ಮನುಷ್ಯ ಅವರು.

ನನ್ನ ಕೈ ಪುಡಿ ಮಾಡುವ ಕೈ. ಸ್ಯಾಂಪಲ್ ರೂಮಿನಲ್ಲಿ ಅದಿರಿನ ಗಟ್ಟಿಯನ್ನು ಒಡೆದು, ರಾಶಿ ಹಾಕಿ, ನಾಲ್ಕು ಪಾಲು ಮಾಡಿ, ಎದುರುಬದುರು ಪಾಲು ಎತ್ತಿ ಎಸೆದು, ಉಳಿದದ್ದನ್ನು ಮತ್ತೆ ಒಡೆದು, ಕೊನೆಗೆ ಮುಖದ ಪೌಡರಿನಷ್ಟು ನುಣ್ಣಗೆ ಅರೆಯುತ್ತಿದ್ದೆ. ಅಲ್ಲಿ ಕಲ್ಲು ಒಡೆದರೆ ಸಂಬಳ. ಇಲ್ಲಿ ಒಡೆದರೆ ಮಾನ ಹೋಗುತ್ತದೆ. ಹಾಗಾಗಿ ಯಾವ ಹತ್ಯಾರವನ್ನೂ ಪುಕ್ಕಟೆ ನಂಬಬಾರದೆಂದು ತೀರ್ಮಾನಿಸಿದೆ. ಹಿತ್ತಲಲ್ಲಿ ಗುಡ್ಡದಿಂದ ತಂದ ಗಟ್ಟಿ ಅದಿರಿನ ಉಂಡೆಗಳು ಬಿದ್ದಿದ್ದವು. ಒಂದೊಂದು ಹತ್ಯಾರವನ್ನೂ ಮೊದಲು ಅವುಗಳ ಮೇಲೆ ನೋಡಿಯೇ ಮುಂದುವರಿಯುವುದು.

ಮೊದಲು ಸುತ್ತಿಗೆ ಮತ್ತು ಉಳಿ. ಉಂಡೆಯ ಹಿಂಬದಿಗೆ ಉಳಿ ಇಟ್ಟು ಸಣ್ಣ ಪೆಟ್ಟು ಕೊಟ್ಟೆ. ಉಳಿ ಇಟ್ಟ ಕಡೆ ಗೀರು ಮಾತ್ರ ಬಿತ್ತು. ಎದುರು ಬದಿಯಿಂದ ಬೆರಳುಗಾತ್ರದ ಚಕ್ಕೆ ಸಿಡಿದು ಗೋಡೆಗೆ ಬಡಿಯಿತು. ಪೆಟ್ಟು ಕಲ್ಲಿನೊಳಗೆ ಪ್ರಯಾಣ ಮಾಡುತ್ತದೆ, ಎಲ್ಲಿ ಇಳಿಯಬೇಕೆಂದು ನಮ್ಮನ್ನು ಕೇಳುವುದಿಲ್ಲ. ಸುತ್ತಿಗೆಯನ್ನು ಎತ್ತಿಟ್ಟೆ.

ಆಮೇಲೆ ಮೊಬೈಲಿನಲ್ಲಿ ಒಂದು ಜಾಹೀರಾತು ಕಂಡಿತು. ಹೊರದೇಶದ ಕಲ್ಲು ಸೀಳುವ ಯಂತ್ರ. ಗುಂಡಿ ಒತ್ತಿದರೆ ಕಲ್ಲು ಹೋಳಾಗುವ ವಿಡಿಯೊ. ಅದನ್ನು ಮತ್ತೆ ಮತ್ತೆ ನಿಲ್ಲಿಸಿ ನೋಡಿದೆ. ಈಗಷ್ಟೇ ಒಡೆದ ಕಲ್ಲಿನ ಒಳಮೈ ಹೊಸದಾಗಿ, ಹಸಿಯಾಗಿ ಕಾಣಬೇಕು. ಇವರ ಕಲ್ಲಿನ ಒಳಮೈಯಲ್ಲಿ ಧೂಳು ಕೂತಿತ್ತು. ಮೊದಲೇ ಒಡೆದದ್ದನ್ನು ಜೋಡಿಸಿಟ್ಟು ನಾಟಕ ಆಡುತ್ತಿದ್ದಾರೆ! ನಮ್ಮ ಯಜಮಾನರಿಗೆ ತೋರಿಸಿದೆ. ಅವರು ಮೊದಲು ಅದಿರಿನ ಲಾರಿ ಓಡಿಸುತ್ತಿದ್ದರು, ಈಗ ಆಟೊ.

"ಭಾಳ ಶಾಣ್ಯಾಕಿ ನೀ. ತೊಗೊಳಾದು ಬ್ಯಾಡ ಅಂದ್ರ ಬ್ಯಾಡ ಅನ್ನು, ಅವರ ಕಲ್ಲಿನ ಹೊಟ್ಟ್ಯಾಗ ಯಾಕ ಕೈ ಹಾಕ್ತಿ?" ಅಂದರು.

ಮೂರನೆಯದು ಗ್ರೈಂಡರ್. ಟೈಲ್ಸ್ ಹಾಕುವ ನನ್ನ ತಮ್ಮ ಆಗ ಕಡ್ಡಿರಾಂಪುರದ ಹೋಮ್‌ಸ್ಟೇ ಒಂದರಲ್ಲಿ ಕೆಲಸ ಮಾಡುತ್ತಿದ್ದ. ಅವನ ಹತ್ತಿರ ಡೈಮಂಡ್ ಬ್ಲೇಡ್ ಹಾಕಿದ ಕೈ ಗ್ರೈಂಡರನ್ನೂ, ನೀರು ಹನಿಸಿಕೊಂಡು ಕೊಯ್ಯುವ ಟೈಲ್ಸ್ ಕಟರನ್ನೂ ಇಸಿದುಕೊಂಡು ಬಂದೆ. ಗ್ರೈಂಡರ್ ಜೋರಾಗಿ ಕೊಯ್ಯಿತು, ನಿಜ. ಆದರೆ ಕ್ಷಣದಲ್ಲಿ ಹಿತ್ತಲು ಕೆಂಪಾಯಿತು. ಮುಖಕ್ಕೆ ಮಾಸ್ಕು, ಕಣ್ಣಿಗೆ ಕನ್ನಡಕ ಇದ್ದರೂ ಮೂಗಿನೊಳಗೆಲ್ಲ ಅದಿರು. ಮುಟ್ಟಿದರೆ ಕಲ್ಲು ಸುಡುತ್ತಿತ್ತು; ಕಾದ ಕಲ್ಲು ಯಾವಾಗ ಸಿಡಿಯುತ್ತದೋ ಹೇಳಲಾಗದು. ಅದನ್ನೂ ಬದಿಗಿಟ್ಟೆ. ಟೈಲ್ಸ್ ಕಟರಿನಲ್ಲಿ ಧೂಳಿಲ್ಲ, ಬಿಸಿಯಿಲ್ಲ. ಆದರೆ ಅದರ ಬ್ಲೇಡ್ ಎರಡು ಬೆರಳಿಗಿಂತ ಆಳಕ್ಕೆ ಇಳಿಯದು, ಕೊಯ್ದ ಜಾಗ ನೆಲದ ಕಡಪ ಕಲ್ಲಿನಂತೆ ಬೋಳಾಗುತ್ತದೆ. ಒಡೆದ ಕಲ್ಲು ಒಡೆದ ಹಾಗೆ ಕಾಣಬೇಕು ಎಂಬ ಪೊಗರು ನನಗೆ. ಬೇಡವೆಂದೆ.

ಗ್ರೈಂಡರಿನ ಧೂಳು ಪಕ್ಕದ ಮನೆಯಾಕೆಯ ಮಾಳಿಗೆಯ ಮೇಲೂ ಇಳಿದಿತ್ತು. ಆಕೆ ಬಾಗಿಲಿಗೆ ಬಂದಳು.

"ಅಕ್ಕಾ, ಸಂಡಿಗಿ ಎಲ್ಲಾ ಕೆಂಪಾಗ್ಯಾವ ನೋಡ್ರಿ. ಏನ್ ನಡಿಸೀರಿ ಮನ್ಯಾಗ?" ಎಂದವಳು ದನಿ ಇಳಿಸಿದಳು. "ಹಂಪಿ ಕಡಿಂದ ಮೂರ್ತಿ ಗೀರ್ತಿ ಏನರ ಬಂದಿಲ್ಲ ಹೌದಿಲ್ಲ? ನಾಳೆ ಪೊಲೀಸ್ನೋರು ಬಂದ್ರ ನಮ್ಮನ್ನೂ ಕೇಳ್ತಾರ ಮತ್ತ."

ಒಳಗೆ ಕರೆದು ಕಲ್ಲು ತೋರಿಸಿದೆ. ಕಾಲೇಜಿನದೆಂದು ಹೇಳಿದೆ. ಆಕೆ ಕಲ್ಲನ್ನು ನೋಡದೆ ಮೂಲೆಯಲ್ಲಿ ಗೋಣಿ ಮುಚ್ಚಿಟ್ಟಿದ್ದ ಸಾಮಾನುಗಳನ್ನೇ ನೋಡುತ್ತ ಹೋದಳು. ಅನುಮಾನ ಪಡುವುದು ನನ್ನ ಕಸುಬು; ನನ್ನ ಮೇಲೆ ಯಾರಾದರೂ ಪಟ್ಟರೆ ಮಾತ್ರ ಮೈಯೆಲ್ಲ ಉರಿಯುತ್ತದೆ.

ಕೊನೆಗೆ ಪರಿಹಾರ ಮನೆಯಲ್ಲೇ ಸಿಕ್ಕಿತು. ಯಜಮಾನರ ಹಳೆಯ ಲಾರಿ ಜಾಕು ಮಂಚದ ಕೆಳಗಿತ್ತು. ತುಂಬಿದ ಲಾರಿಯನ್ನು ಎತ್ತುವ ಜಾಕು ಕಲ್ಲನ್ನು ಹಿಂಡಲಾರದೇ? ದಪ್ಪ ಕಬ್ಬಿಣದ ಚೌಕಟ್ಟು, ಮೇಲೆ ಒಂದು ಅಲಗು, ಜಾಕಿನ ತಲೆಯ ಮೇಲೆ ಇನ್ನೊಂದು ಅಲಗು. ನಡುವೆ ಕಲ್ಲಿಟ್ಟು ಹಿಡಿ ಒತ್ತುತ್ತ ಹೋದರೆ ಪೆಟ್ಟಿಲ್ಲ, ಧೂಳಿಲ್ಲ, ಎರಡೂ ಕಡೆಯಿಂದ ಸಮನಾದ ಒತ್ತಡ. ಸಂಡೂರು ರಸ್ತೆಯ ವೆಲ್ಡಿಂಗ್ ಅಂಗಡಿಯವನಿಗೆ ಚಿತ್ರ ಬರೆದು ಕೊಟ್ಟೆ. ಅಲಗಿಗೆ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನೇ ಹಾಕಬೇಕು, ಬೇರೆ ಕಬ್ಬಿಣ ಬಾಗುತ್ತದೆ ಎಂದು ಒತ್ತಿ ಹೇಳಿದೆ.

ಆ ಜಾಕಿನ ಪ್ರೆಸ್ ತರಲು ಹೋದಾಗ ಚೀಲದಲ್ಲಿ ಕಬ್ಬಿಣ ಉಜ್ಜುವ ಅರ ಇಟ್ಟುಕೊಂಡು ಹೋಗಿದ್ದೆ. ಅಲಗಿನ ಮೇಲೆ ಅರ ಎಳೆದೆ. ಗಟ್ಟಿ ಉಕ್ಕಾದರೆ ಅರ ಜಾರಬೇಕು. ಇದು ಸರಕ್ಕನೆ ಕಚ್ಚಿ ಹೊಟ್ಟು ಉದುರಿಸಿತು.

"ಇದು ಸ್ಪ್ರಿಂಗ್ ಪಟ್ಟಿ ಅಲ್ಲ," ಅಂದೆ.

"ಅದರಕ್ಕಿಂತ ಮಸ್ತ್ ಐತ್ರಿ ಮೇಡಂ ಇದು, ಹೊಸಾ ಮಾಲು!" ಅಂದ. ನಾನು ಎರಡನೇ ಸಲ ಅರ ಎಳೆದೆ. ಅವನು ತಲೆ ಕೆರೆದುಕೊಂಡು, "ಸ್ಪ್ರಿಂಗ್ ಪಟ್ಟಿ ಕೊಯ್ಯಾದು ಭಾಳ ತ್ರಾಸ್ರಿ..." ಎಂದು ಒಪ್ಪಿಕೊಂಡ. ಅಲ್ಲೇ ಕುರ್ಚಿ ಹಾಕಿಕೊಂಡು ಕೂತು, ಎದುರಿಗೇ ಅಲಗು ಬದಲಿ ಮಾಡಿಸಿದೆ. ನನ್ನ ಬುದ್ಧಿಯ ಮೇಲೆ ನನಗೆ ಅವತ್ತಿನಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಆ ಹೆಮ್ಮೆಯೇ ಕೈ ಕೊಟ್ಟದ್ದು. ಹಿತ್ತಲಿನ ಉಂಡೆಗಳನ್ನು ಒಂದಾದ ಮೇಲೊಂದು ಪ್ರೆಸ್ಸಿಗೆ ಇಟ್ಟೆ. ಗೋಣಿ ಹೊದಿಸಿ ಹಿಡಿ ಒತ್ತಿದರೆ ಒಳಗೆ ಟಕ್ ಎಂಬ ಸದ್ದು; ಗೋಣಿ ತೆಗೆದರೆ ಗೆರೆ ಹಾಕಿದ ಕಡೆಯೇ ಬಿಸ್ಕತ್ತಿನಂತೆ ಎರಡು ಹೋಳು. ಎಲ್ಲವೂ ಹಾಗೆಯೇ ಒಡೆದವು. ಸ್ಯಾಂಪಲ್ ರೂಮಿನವಳಿಗೆ ಇದಕ್ಕಿಂತ ಸಾಕ್ಷಿ ಬೇಕೆ? ಒಂದು ಹಿಡಿ ಪುಡಿ ಇಡೀ ರಾಶಿಯ ಪರವಾಗಿ ಮಾತಾಡುತ್ತದೆ ಎಂಬುದೇ ನಮ್ಮ ಕಸುಬಿನ ನಂಬಿಕೆ. ಯಾವುದನ್ನೂ ನಂಬದವಳು ಅದೊಂದನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದೆ. ಅದೇ ಗುಡ್ಡದ ಉಂಡೆಗಳು ಸರಿಯಾಗಿ ಒಡೆದವು ಅಂದಮೇಲೆ ಅದೇ ಗುಡ್ಡದ ಕಿಡ್ನಿ ಕಲ್ಲೂ ಹಾಗೇ ಒಡೆಯಬೇಕು.

ಗೂನಿನ ಒಂದು ಮೂಲೆಯನ್ನು ಮೊದಲು ತೆಗೆಯೋಣವೆಂದು ಕಲ್ಲನ್ನು ಅಲಗುಗಳ ನಡುವೆ ಕೂರಿಸಿದೆ. ಹಿಡಿ ಒತ್ತಿದೆ. ಟಕ್ ಅನ್ನಲಿಲ್ಲ. ಹಲ್ಲು ಕಡಿದಂಥ ಒಂದು ಸಣ್ಣ ಕರಕರ ಕೇಳಿಸಿತು. ಜಾಕು ಸಡಿಲಿಸಿ ಗೋಣಿ ಎತ್ತಿದರೆ ಗೂನು ಹಾಗೇ ಇತ್ತು. ಮುಂದಿನ ಮುಖದ ಅಂಚಿನಿಂದ ಒಂದು ಕಪ್ಪು ಗುಬ್ಬೆ ಕಳಚಿ ನೆಲದ ಮೇಲೆ ಬಿದ್ದಿತ್ತು.

ಅದನ್ನು ಅಂಗೈಯಲ್ಲಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಅಳು ಬಂತು, ಸಿಟ್ಟೂ ಬಂತು. ಆಮೇಲೆ ಗುಬ್ಬೆ ಕಳಚಿದ ಜಾಗವನ್ನು ಲೆನ್ಸ್ ಹಿಡಿದು ನೋಡಿದೆ. ಅಲ್ಲಿ ಕೂದಲೆಳೆಯಷ್ಟು ಸಪೂರದ ಬಿರುಕು. ಬಿರುಕಿನ ತುಂಬ ಕಪ್ಪುಗೆಂಪು ಮೇಣದಂಥ ಪದಾರ್ಥ. ಸೂಜಿ ಚುಚ್ಚಿದರೆ ಮೆತ್ತಗೆ ಅಂಟಿಕೊಂಡು ಬಂತು.

ಅಂಟು! ಯಾರೋ ಒಡೆದ ಕಲ್ಲನ್ನು ಅಂಟಿಸಿ, ಮೇಲೆ ಅದಿರಿನ ಪುಡಿ ಉಜ್ಜಿ, ಎಣ್ಣೆ ಸವರಿ ಮುಚ್ಚಿದ್ದಾರೆ. ಯಾರೋ ಏಕೆ, ಮೇಲಿನ ಮಾಲು ಹರಡುವ ಕೈ ಯಾವುದೆಂದು ನನಗೆ ಗೊತ್ತಿಲ್ಲವೇ? ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಹಗುರವಾಯಿತು. ನಾನು ಒಡೆದದ್ದಲ್ಲ, ಮೊದಲೇ ಒಡೆದದ್ದು ಎಂದರೆ ನನ್ನ ಕೈಯ ಮಾನ ಉಳಿಯುತ್ತಿತ್ತು. ಕೂಡಲೆ ಕಾಲೇಜಿನ ಮೇಡಂಗೆ ಫೋನ್ ಹಚ್ಚಿ, "ಮೇಡಂ, ಈ ಕಲ್ಲು ಜೋಡಿಸಿದ್ದು. ಕಪಾಟಿಗೆ ಇಡೋ ಮೊದಲು ಯೋಚನೆ ಮಾಡ್ರಿ," ಅಂದೆ.

"ಫೋರ್‌ಮನ್‌ರನ್ನೇ ಒಂದು ಮಾತು ಕೇಳ್ತೀನಿ," ಅಂದರು ಮೇಡಂ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಫೋರ್‌ಮನ್ ಬಂದರು. ಬರ್ರಿ ಕುಂದ್ರಿ ಅಂದರೂ ಕೂರಲಿಲ್ಲ.

"ನಾ ಅಂಟಿಸಿದ ಕಲ್ಲು ಕೊಟ್ಟೀನಿ ಅಂದ್ಯಂತಲ್ಲ?" ಬಾಗಿಲಲ್ಲೇ ನಿಂತು ಕೇಳಿದರು. "ಲಾರಿ ಮ್ಯಾಲೆ ಮಾಲು ಹರಡೀನಿ, ಸುಳ್ಳ್ಯಾಕ ಹೇಳ್ಲಿ. ಮ್ಯಾಲಿಂದ ಹೇಳ್ತಿದ್ರು, ಹರಡ್ತಿದ್ದೆ. ಆದ್ರ ಇದಕ್ಕ ಹಂಗ ಮಾಡ್ತೀನೇನು ನಾನು? ಇದಕ್ಕ?"

"ಹಂಗಾರ ಇದೇನು?" ಎಂದು ಸೂಜಿಯ ತುದಿ ತೋರಿಸಿದೆ.

"ಮೂಸಿ ನೋಡು."

ಮೂಸಿದೆ. ಅಂಟಿನ ಘಾಟು ಇರಲಿಲ್ಲ. ಹಳೆಯ ದೀಪದ ಎಣ್ಣೆ, ಕರಕಾದ ಊದಿನಕಡ್ಡಿ. ಸ್ಯಾಂಪಲ್ ರೂಮಿನ ಕಿಟಕಿಯ ಆಚೆಯಿಂದ ಯಾವತ್ತೋ ಬಂದು ಹೋದ ವಾಸನೆ.

"ಆಯುಧ ಪೂಜಿ ದಿವ್ಸ ವರ್ಕ್‌ಶಾಪಿನ್ಯಾಗ ಸ್ಪ್ಯಾನರು, ಜಾಕು, ಡ್ರಿಲ್ಲಿನ ಬಿಟ್ಟುಗಳು ಎಲ್ಲಾ ತೊಳದು ಸಾಲಾಗಿ ಇಡ್ತಿದ್ವಿ," ಅಂದರು ಫೋರ್‌ಮನ್. "ನಡುವ ಈ ಕಲ್ಲು. ವರ್ಸಾ ವರ್ಸಾ ಎಣ್ಣಿ ಸವರಿ, ಕುಂಕುಮ ಹಚ್ಚಿ, ಗುಡ್ಡದಾಗ ಯಾರಿಗೂ ಏನೂ ಆಗದಂಗ ನೋಡ್ಕೋ ತಾಯಿ ಅಂತ ಕೈ ಮುಗಿತಿದ್ವಿ. ಎಲ್ಲಾರೂ ಬರೋರು. ನೀ ಒಬ್ಬಾಕಿ ಬಾಗ್ಲಾ ಹಾಕ್ಕೊಂಡು ಕೂಡ್ತಿದ್ದಿ. ತಿನ್ನಾಕ ಕೊಡೋ ಮಂಡಾಳೊಗ್ಗರಣಿ ಸುದ್ದಾ ಕಿಡಿಕ್ಯಾಗ ಇಸ್ಕಂತಿದ್ದಿ. ನಿನಗೆಲ್ಲಿ ಗೊತ್ತಾಗ್ಬೇಕು?"

ನಾಲಿಗೆ ಕಚ್ಚಿಕೊಂಡೆ. ಆದರೂ ನಾನು ನಾನೇ, ಬಾಯಿಮಾತಿಗೆ ಬಿಡಲಿಲ್ಲ. ಹತ್ತಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಬಿರುಕಿನ ಮೇಲೆ ಒರೆಸಿದೆ. ಕಲ್ಲು ಜೋಡಿಸುವ ಅಂಟು ಸೀಮೆಎಣ್ಣೆಗೆ ಜಗ್ಗುವುದಿಲ್ಲ. ಇದು ಕರಗಿ ಹತ್ತಿಗೆ ಹತ್ತಿತು. ಅದಿರಿನ ಕೆಂಪು ಇಟ್ಟಿಗೆಯ ಕೆಂಪು. ಹತ್ತಿಯ ಮೇಲಿದ್ದದ್ದು ಹಣೆಯ ಮೇಲಿನ ಕೆಂಪು. ಹತ್ತಿಯನ್ನು ಅವರ ಮುಂದೆ ಹಿಡಿದು, "ತಪ್ಪಾತ್ರಿ ಫೋರ್‌ಮನ್ರ," ಅಂದೆ. ಅವರು ಆಗ ಕೂತರು.

ಅಂಟಿಲ್ಲ, ಸರಿ. ಬಿರುಕು ಮಾತ್ರ ನಿಜ. ಅದು ಎಲ್ಲಿಯವರೆಗೆ ಹೋಗಿದೆ? ಯಜಮಾನರು ಮೆಕ್ಯಾನಿಕ್ಕುಗಳ ಉಪಾಯ ಹೇಳಿಕೊಟ್ಟರು. ಲಾರಿಯ ಕಬ್ಬಿಣ ಬಿರುಕು ಬಿಟ್ಟಿದೆಯೇ ಎಂದು ನೋಡಲು ಸೀಮೆಎಣ್ಣೆ ಬಳಿದು, ಒರೆಸಿ, ಸುಣ್ಣದ ಪುಡಿ ಉದುರಿಸುತ್ತಾರೆ. ಒಳಗೆ ಕುಡಿದ ಎಣ್ಣೆ ಮೆಲ್ಲಗೆ ಹೊರಬಂದು ಪುಡಿಯ ಮೇಲೆ ಗೆರೆ ಬರೆಯುತ್ತದೆ. ಹಾಗೇ ಮಾಡಿ, ಮೂವರೂ ಕಲ್ಲಿನ ಸುತ್ತ ಕೂತು ಕಾದೆವು. ಬಿಳಿಯ ಪುಡಿಯಲ್ಲಿ ಗೆರೆ ಮೂಡಿತು. ಗೂನಿನ ಮೂಲೆಯಿಂದ ಹೊರಟು, ಪಕ್ಕಕ್ಕೆ ಹೊರಳಿ, ಗುಬ್ಬೆಗಳ ನಟ್ಟನಡುವೆ ಬಂದು ನಿಂತಿತು. ನಾನು ಪ್ರೆಸ್ಸಿನ ಅಲಗು ಕೂರಿಸಬೇಕೆಂದು ಹಾಕಿದ್ದ ಗೆರೆ ಅದನ್ನು ಅಡ್ಡಲಾಗಿ ದಾಟುತ್ತಿತ್ತು. ಇನ್ನೊಂದು ಸಲ ಹಿಡಿ ಒತ್ತಿದ್ದರೆ ಮುಖ ಎರಡು ಹೋಳಾಗುತ್ತಿತ್ತು.

ಮೇಡಂಗೆ ಫೋನ್ ಮಾಡಿ ನನ್ನ ಮಾತು ಹಿಂತೆಗೆದುಕೊಂಡೆ, ಬಿರುಕಿನ ವಿಷಯವನ್ನೂ ಹೇಳಿದೆ. "ಧೈರ್ಯ ಇಲ್ಲಾಂದ್ರೆ ಹಾಗೇ ಕೊಡಿ," ಅಂದರು ಅವರು. "ಕಪಾಟಿಗಂತೂ ಹಿಡಿಸಲ್ಲ. ಮೇಜಿನ ಕೆಳಗೆ ಎಲ್ಲಾದ್ರೂ ಇಡ್ತೀವಿ."

ಫೋರ್‌ಮನ್ ನನ್ನ ಮುಖ ನೋಡಿದರು. ಮೇಜಿನ ಕೆಳಗಿನ ಕಲ್ಲನ್ನು ಯಾರೂ ನೋಡುವುದಿಲ್ಲ. ಕಸ ಗುಡಿಸುವವರು ಒಂದು ದಿನ ಅದನ್ನು ಬಾಗಿಲಿಗೆ ಅಡ್ಡ ಇಡುತ್ತಾರೆ.

ಇಷ್ಟೆಲ್ಲ ಕಾದಾಡಿ ಮಾಡಿಸಿದ ಪ್ರೆಸ್ಸನ್ನು ಅವತ್ತು ಮನಸ್ಸಿನಿಂದ ಕೆಳಗಿಳಿಸಿದೆ. ಬೇಡವೆಂದು ಬಿಟ್ಟಿದ್ದ ಟೈಲ್ಸ್ ಕಟರನ್ನು ಹೊರತೆಗೆದೆ. ಬೆನ್ನು ಬೋಳಾದರೆ ಆಗಲಿ, ಬೆನ್ನನ್ನು ಯಾರು ನೋಡುತ್ತಾರೆ? ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಬಿರುಕು ಬಾಯಿ ಬಿಡದಂತೆ ಕಲ್ಲಿನ ಸುತ್ತ ಎಳೆದು ಬಿಗಿಯಾಗಿ ಸುತ್ತಿದೆ. ಗುಬ್ಬೆಗಳಿಗೆ ಒದ್ದೆ ಬಟ್ಟೆ ಹೊದಿಸಿ, ಅಗಲ ಬುಟ್ಟಿಯಲ್ಲಿ ಹಸಿ ಮರಳು ತುಂಬಿ, ಮುಖ ಕೆಳಗೆ ಮಾಡಿ ಮಲಗಿಸಿದೆ. ಆಮೇಲೆ ಗೂನಿನ ಬುಡಕ್ಕೆ ಬ್ಲೇಡ್ ಇಟ್ಟೆ. ನೂಕಲಿಲ್ಲ, ಅದರ ಪಾಡಿಗೆ ಇಳಿಯಲು ಬಿಟ್ಟೆ. ಫೋರ್‌ಮನ್ ಚೊಂಬಿನಿಂದ ನೀರು ಬಿಡುತ್ತಿದ್ದರು. ಕೆಂಪು ನೀರು ಮೋರಿಗೆ ಹೋಗದಂತೆ ಯಜಮಾನರು ಬಕೆಟ್ಟಿಗೆ ಹಿಡಿಯುತ್ತಿದ್ದರು. ಪಕ್ಕದ ಮನೆಯಾಕೆ ಮಾಳಿಗೆಯಿಂದ ಇಣುಕುತ್ತಲೇ ಇದ್ದಳು.

ಆವತ್ತು ಇಡೀ ದಿನ ಹಾಗೇ ಕಳೆಯಿತು. ಬ್ಲೇಡ್ ಇಳಿಯುವಷ್ಟು ಆಳಕ್ಕೆ ಸುತ್ತಲೂ ಕಾಲುವೆ ಆಯಿತು. ನಡುವೆ ಮುಷ್ಟಿಗಾತ್ರದ ಕುತ್ತಿಗೆ ಉಳಿಯಿತು. ಅದನ್ನು ಬಿಡಿಸಲು ಮತ್ತೆ ಪ್ರೆಸ್ಸೇ ಬೇಕಾಯಿತು, ಬೇರೆ ದಾರಿ ಇರಲಿಲ್ಲ. ಈ ಸಲ ಅಲಗುಗಳನ್ನು ಕಾಲುವೆಯೊಳಗೆ ಕೂರಿಸಿದ್ದೆ. ಒತ್ತಡ ಗೂನಿನ ಬುಡಕ್ಕಷ್ಟೇ, ಬಿರುಕಿಗೆ ಏನೂ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಫೋರ್‌ಮನ್ ಟ್ಯೂಬು ಸುತ್ತಿದ ಕಲ್ಲಿಗೆ ಎರಡೂ ಕೈ ಆನಿಸಬೇಕೆಂದರು. ಬೆರಳು ಹೋದಾವೆಂದು ದೂರ ನಿಲ್ಲಿಸಿದೆ. ಗೋಣಿ ಹೊದಿಸಿ ಹಿಡಿ ಒತ್ತಿದೆ, ನಿಲ್ಲಿಸಿದೆ, ಕಿವಿಗೊಟ್ಟೆ, ಮತ್ತೆ ಒತ್ತಿದೆ.

ಟಕ್.

ಗೋಣಿ ಎತ್ತಲು ನನಗೆ ಧೈರ್ಯ ಬರಲಿಲ್ಲ. ಯಜಮಾನರು ಎತ್ತಿದರು. ಗೂನು ಒಂದು ಕಡೆ ಬಿದ್ದಿತ್ತು. ಟ್ಯೂಬು ಬಿಚ್ಚಿ, ಬಟ್ಟೆ ಸರಿಸಿ, ಒಂದೊಂದು ಗುಬ್ಬೆಯನ್ನೂ ಬೆರಳಿನಿಂದ ಮುಟ್ಟಿ ನೋಡಿದೆ. ಮುಖ ಇಡಿಯಾಗಿತ್ತು. ಫೋರ್‌ಮನ್ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡು, ಧೂಳು ಅಂದರು. ನೀರು ಬಿಟ್ಟು ಕೊಯ್ದಿದ್ದೆವು, ಎಲ್ಲಿಯ ಧೂಳು!

ಕಳಚಿದ್ದ ಗುಬ್ಬೆಯನ್ನು ಅಂಟಿಸಿಬಿಡು, ಯಾರಿಗೂ ತಿಳಿಯದು ಅಂದರು ಯಜಮಾನರು. ಅಂಟಿನ ಅಪವಾದ ಹೊರಿಸಿದವಳು ನಾನೇ ಅಂಟಿಸುವುದೇ? ಅದನ್ನು ಸಣ್ಣ ಡಬ್ಬಿಯಲ್ಲಿಟ್ಟು, ಟ್ರಿಮ್ ಮಾಡುವಾಗ ಕಳಚಿದ್ದು ಎಂದು ಚೀಟಿ ಬರೆದೆ. ಈಗಲೂ ಕಪಾಟಿನಲ್ಲಿ ಕಲ್ಲಿನ ಪಕ್ಕ ಆ ಡಬ್ಬಿ ಇದೆ. ಗಾಜಿನ ಬಾಗಿಲು ಮುಚ್ಚುತ್ತದೆ.

ಅವತ್ತು ಸಂಜೆ ಹೊರಡುವಾಗ ಫೋರ್‌ಮನ್ ಕೊಯ್ದು ತೆಗೆದ ಗೂನನ್ನು ಕೇಳಿದರು. ತೆಗೆದುಕೊಂಡು ಹೋಗಿ ಅಂದೆ. ಅವರು ಅದನ್ನು ಎತ್ತಿ, ತಿರುವಿ, ತಳ ನೋಡಿದರು. ನಾನು ನಕ್ಕುಬಿಟ್ಟೆ, ಅವರೂ ನಕ್ಕರು. ಆದರೆ ಚೀಲಕ್ಕೆ ಹಾಕಿಕೊಳ್ಳಲಿಲ್ಲ. ಪ್ರೆಸ್ಸಿನ ಪಕ್ಕ, ಜಾಕಿನ ಬುಡದಲ್ಲಿ ಇಟ್ಟರು. ಅಂಗಿಯ ಜೇಬಿನಿಂದ ಕುಂಕುಮದ ಸಣ್ಣ ಪೊಟ್ಟಣ ತೆಗೆದು, ಬಿಚ್ಚದೆ ನನ್ನ ಕಡೆ ನೋಡಿದರು.

"ಹಚ್ಚಲೇನಮ್ಮಾ? ಸ್ಯಾಂಪಲ್ ಕೆಡತೈತೇನು ಮತ್ತ?"

ಬೆಳಗಿನಿಂದ ನನ್ನನ್ನು ಕಾಡುತ್ತಿದ್ದ ಮಾತು ಆಗ ಬಾಯಿಗೆ ಬಂತು.

"ಹಚ್ರಿ," ಅಂದೆ. "ಇದು ಸ್ಯಾಂಪಲ್ ಅಲ್ಲ."